ಇನ್ನೊಬ್ಬಳ ಕಂಕಣ

ಸೀಮೆಗಲ್ಲಿನ ಹತ್ತಿರ ಆಲದಮರ, ಅದರಡಿ ಬಾವಿ. ಆ ಬಾವಿಯನ್ನು ಮೂರನೇ ಸಲ ದಾಟುವಾಗ ಹಾಲಮ್ಮನ ಎದೆ ಧಸಕ್ಕೆಂದಿತು. ಊರು ಬಿಟ್ಟು ಹೊರಟರೆ ಆ ಬಾವಿ ಒಂದೇ ಸಲ ಸಿಗಬೇಕು. ಅದೂ ಎಡಗಡೆ... ಈಗ ಬಲಗಡೆ ಇತ್ತು.

ಹಾಲಮ್ಮ ನಮ್ಮ ಪಕ್ಕದ ಮನೆಯವಳು. ಸುಳ್ಳು ಹೇಳುವಷ್ಟು ಬುದ್ಧಿ ಅವಳಿಗಿರಲಿಲ್ಲ, ಪಂಚನಹಳ್ಳಿ ಕಡೆ ಯಾರನ್ನಾದರೂ ಕೇಳಿ. ಅವತ್ತು ಅವಳ ಜೊತೆಗಿದ್ದವಳು ಇಂಗ್ರಿಡ್. ಮಕ್ಕಳಿಗೆ ಲಸಿಕೆ ಹಾಕುವ ಸೇವೆಗೆಂದು ಡೆನ್ಮಾರ್ಕಿನಿಂದ ಬಂದು, ಹಾಲಮ್ಮನ ಮನೆಯಲ್ಲೇ ಒಂದು ವರ್ಷ ಮುದ್ದೆ ನುಂಗಿದ ಹುಡುಗಿ. ಎಪ್ಪತ್ತೆಂಟನೇ ಇಸವಿಯ ಮಾತು.

ಊರು ಕಾಯುವ ಅಜ್ಜಯ್ಯನ ಗದ್ದುಗೆ ಹಬ್ಬ ನಡೆದಿತ್ತು. ಮೊದಲ ದಿನ ಊರವರ ಕೈಗೆಲ್ಲ ಅರಿಶಿನಕೊಂಬಿನ ಕಂಕಣ ಕಟ್ಟುತ್ತಾರೆ. ಕಟ್ಟಿಸಿಕೊಂಡವರು ಮೂರು ದಿನ ಸೀಮೆಗಲ್ಲು ದಾಟುವಂತಿಲ್ಲ. ನೆಂಟರಿಗೆ ಕಟ್ಟುವುದಿಲ್ಲ, ಅವರು ಬರಬಹುದು, ಹೋಗಬಹುದು. ಆದರೆ ಮಕ್ಕಳಿಲ್ಲದ ಹಾಲಮ್ಮ, "ಇವ್ಳೂ ನಮ್ ಹುಡುಗೀನೇ" ಅಂತ ಇಂಗ್ರಿಡ್ ಕೈಗೂ ಒಂದು ಕಟ್ಟಿಬಿಟ್ಟಳು. ಪ್ರೀತಿ ಹೆಚ್ಚಾದರೆ ಬುದ್ಧಿ ಮಂಕು, ಇನ್ನೇನು!

ಎರಡನೇ ದಿನ ಸಂಜೆ ಟೆಲಿಗ್ರಾಂ ಬಂತು. ಇಂಗ್ರಿಡ್‌ಳ ತಾಯಿ ಸಾಯುವ ಸ್ಥಿತಿಯಲ್ಲಿದ್ದಾಳೆ, ತಕ್ಷಣ ಹೊರಡು ಅಂತ. ಕಡೂರಿಗೆ ಕಡೇ ಬಸ್ಸು ರಾತ್ರಿ ಒಂಬತ್ತೂವರೆಗೆ. ಅದು ತಪ್ಪಿದರೆ ರೈಲಿಲ್ಲ, ರೈಲು ತಪ್ಪಿದರೆ ವಿಮಾನವಿಲ್ಲ, ಅಮ್ಮನ ಮುಖವೂ ಇಲ್ಲ. ಊರವರೆಲ್ಲ ಬೇಡವೆಂದರು. ಹುಡುಗಿಯ ಅಳು ನೋಡಲಾರದೆ ಹಾಲಮ್ಮ ಲಾಟೀನು ಹಿಡಿದು, ಸೀಮೆಯ ತನಕ ಬಿಟ್ಟು ಬರುತ್ತೇನೆಂದು ಹೊರಟಳು.

ಈಗ ನೋಡಿದರೆ ಮತ್ತೆ ಅದೇ ಬಾವಿ... ಯಾರೂ ಮುಟ್ಟದ ರಾಟೆ 'ಕಿರ್... ಕಿರ್' ಅನ್ನುತ್ತಿತ್ತು. ಬೆನ್ನ ಹಿಂದೆ ಮರದ ಹಾವುಗೆಯ ಸದ್ದು. ಟಕ್... ಟಕ್... ಇವರು ನಿಂತರೆ ಅದೂ ನಿಲ್ಲುತ್ತಿತ್ತು. ಊರಿನಲ್ಲಿ ಹಾವುಗೆ ಇದ್ದದ್ದು ಒಂದೇ ಜೊತೆ, ಅಜ್ಜಯ್ಯನದು. ಗದ್ದುಗೆಯ ಮೇಲಿನ ಆ ಜೊತೆಗೆ ಸಂಜೆ ತಾನೇ ಹೂವಿಟ್ಟು ಬಂದಿದ್ದಳು ಹಾಲಮ್ಮ.

"ಹಿಂದಕ್ಕೆ ನೋಡ್ಬ್ಯಾಡ ಕಣೇ."

"ಯಾರು ಅಮ್ಮಾ?"

"ಕಾಯೋನು."

"ಹಂಗಾದ್ರೆ ಯಾಕೆ ಬಿಡ್ತಿಲ್ಲ?"

ಅಷ್ಟರಲ್ಲಿ ದೂರದಲ್ಲಿ ಬಸ್ಸಿನ ಹಾರನ್ನು... ಪೋಂ... ಇಂಗ್ರಿಡ್ ಚೀಲ ಅವಚಿಕೊಂಡು ಒಂದೇ ಓಟ ಕಿತ್ತಳು. ಕತ್ತಲೆಯೊಳಗೆ ಮುಂದಕ್ಕೆ ಓಡಿದವಳು... ಹಾಲಮ್ಮನ ಹಿಂದಿನಿಂದ ಏದುಸಿರು ಬಿಡುತ್ತ ಬಂದಳು.

ಲಾಟೀನಿನ ಬೆಳಕು ಹುಡುಗಿಯ ಕೈಯ ಕಂಕಣದ ಮೇಲೆ ಬಿತ್ತು. ಆಗ ಹಾಲಮ್ಮನಿಗೆ ತನ್ನ ತಪ್ಪು ಅರ್ಥವಾಯಿತು.

"ಕೈ ಕೊಡು."

"ಬಿಚ್ಚಬಾರದು ಅಂದಿದ್ರಿ..."

"ಬಿಚ್ಚಿದ್ ಕಂಕಣ ನೆಲಕ್ಕೆ ಬೀಳಬಾರ್ದು, ಅಷ್ಟೇಯ. ಕಟ್ದೋಳು ನಾನು, ನಾನೇ ಹಾಕ್ಕಂತೀನಿ."

ಹಲ್ಲಿನಿಂದ ಗಂಟು ಕಚ್ಚಿ ಬಿಚ್ಚಿದಳು. ತನ್ನ ಕಂಕಣದ ಪಕ್ಕದಲ್ಲೇ ಕಟ್ಟಿಕೊಂಡಳು.

"ಅಜ್ಜಯ್ಯಾ... ಇವ್ಳ ಬದ್ಲು ನಾನಿರ್ತೀನಿ. ಇವ್ಳನ್ನ ಅವ್ರವ್ವನ ತಾವ ಬಿಟ್ಬಿಡಪ್ಪ."

ರಾಟೆ ನಿಂತಿತು. ಬಾವಿ ಎಡಗಡೆ ಇತ್ತು. ಇಂಗ್ರಿಡ್ ಸೀಮೆಗಲ್ಲು ದಾಟಿದಳು. ಬಸ್ಸಿನ ಬಾಗಿಲು ದಡ್ ಅಂತ ಹಾಕಿಕೊಂಡದ್ದು ಹಾಲಮ್ಮನಿಗೆ ನಿಂತಲ್ಲಿಗೇ ಕೇಳಿಸಿತು.

ಹುಡುಗಿಗೆ ತಾಯಿ ಸಿಕ್ಕಳಂತೆ. ಎರಡು ದಿನ ಮಗಳ ಜೊತೆ ಮಾತಾಡಿ ಕಣ್ಮುಚ್ಚಿದಳಂತೆ. ಕಾಗದ ಬಂದಾಗ ಹಾಲಮ್ಮ, ಅಮ್ಮನ ಮುಖ ಸಿಕ್ಕಿತಲ್ಲ ಅಂತ ಓಣಿಗೆಲ್ಲ ಸಕ್ಕರೆ ಹಂಚಿದಳು.

ಆದರೆ ಹಬ್ಬದ ಮೂರನೇ ದಿನ ಪೂಜಾರಿ ತೀರ್ಥಪ್ಪ ಅವಳ ಕಂಕಣ ಮಾತ್ರ ಬಿಚ್ಚಿದ್ದ. ಇನ್ನೊಂದನ್ನು ಮುಟ್ಟಲಿಲ್ಲ.

"ಯಾರ ಹೆಸ್ರಲ್ಲಿ ಕಟ್ಟಿದ್ಯೋ ಅವ್ಳೇ ಬರ್ಬೇಕು ಕಣಮ್ಮ."

"ಇರ್ಲಿ ಬಿಡಪ್ಪ. ನಾನೆಲ್ಲಿಗೆ ಹೋಗ್ಬೇಕು?" ಅಂತ ನಕ್ಕುಬಿಟ್ಟಳು. ಇಂಗ್ರಿಡ್ ಮತ್ತೆ ಬರಲಿಲ್ಲ.

ಎಂಬತ್ನಾಲ್ಕನೇ ಇಸವಿಯಲ್ಲಿ ಹಾಲಮ್ಮನಿಗೆ ಎದೆನೋವು ಬಂತು. ಷಣ್ಮುಖಪ್ಪನ ಜೀಪಿನಲ್ಲಿ ಮಲಗಿಸಿಕೊಂಡು ಕಡೂರಿನ ಆಸ್ಪತ್ರೆಗೆ ಹೊರಟೆವು. ಹಾಡಹಗಲು, ಹನ್ನೆರಡು ಗಂಟೆ. ನಾನೇ ಅವಳ ತಲೆ ತೊಡೆಯ ಮೇಲಿಟ್ಟುಕೊಂಡಿದ್ದೆ. ಇಂಗ್ರಿಡ್‌ಳ ಕಂಕಣ ಅವಳ ಕೈಯಲ್ಲಿ ಹಾಗೇ ಇತ್ತು. ಷಣ್ಮುಖಪ್ಪ ಎಲ್ಲೂ ತಿರುಗಿಸಲಿಲ್ಲ, ಎಲ್ಲೂ ನಿಲ್ಲಿಸಲಿಲ್ಲ. ಸಂಜೆ ಪೆಟ್ರೋಲು ಮುಗಿದು ಜೀಪು ನಿಂತಿತು. ಅಷ್ಟು ಹೊತ್ತಿಗೆ ಅವಳ ಮೈ ತಣ್ಣಗಾಗಿತ್ತು.

ಮೀಟರು ತೊಂಬತ್ತಾರು ಕಿಲೋಮೀಟರು ಓಡಿತ್ತು. ಈ ಕಣ್ಣಾರೆ ನೋಡಿದ್ದೇನೆ... ಜೀಪು ನಿಂತಿದ್ದು ಹಾಲಮ್ಮನ ಮನೆ ಬಾಗಿಲಲ್ಲಿ.