ಲೂಸ್ ಕನೆಕ್ಷನ್

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಚಿತ್ತಯ್ಯ ಊರಿನ ಬಸ್ಸಿಗೆ ಕಾಯುತ್ತಿದ್ದ. ಪಕ್ಕದ ಹುಡುಗ ಹುಡುಗಿ ಲ್ಯಾಪ್‌ಟಾಪಿನಲ್ಲಿ ತನ್ನೂರಿನ ಓಬಕ್ಕನ ಸೋಬಾನೆ ಪದ ಹಾಕಿದಾಗ ಅವನ ಕಿವಿ ನೆಟ್ಟಗಾಯಿತು.

"ಫೋನಲ್ಲಿ ಹಿಡಿದು ಕಳಿಸಿರೋದಲ್ವಾ ದಿವ್ಯಾ, ಹಿಂದೆ ಕರೆಂಟಿನ ಗುಂಯ್ ಸೇರ್ಕೊಂಡೈತೆ. ಫಿಲ್ಟರ್ ಹಾಕಿ ತೆಗಿ."

"ಬಟರ್‌ವರ್ತ್ ಫಿಲ್ಟರ್ ಹಾಕ್ದೆ ಹೇಮಂತ್. ಅಕ್ಕನ ದನಿ ನುಣ್ಣಗೈತೆ, ಗುಂಯ್ ಮಾತ್ರ ಪೂರ್ತಿ ಹೋಗ್ತಿಲ್ಲ."

"ಚೆಬಿಶೆವ್ ಹಾಕು. ಕತ್ತರಿಸಿದಂಗೆ ಹೋಗ್ತೈತೆ."

"ಹೋಗ್ತೈತೆ. ಆದ್ರೆ ಅಕ್ಕನ ದನಿ ಒಂದ್ಕಡೆ ಉಬ್ಬಿ ಒಂದ್ಕಡೆ ಕುಗ್ತೈತೆ."

"ಕುಗ್ಲಿ ಬಿಡು, ಆ ದರಿದ್ರ ಗುಂಯ್ ತೊಲಗಿದ್ರೆ ಸಾಕು."

"ಅಲ್ಲೋ, ಕರೆಂಟಾದ್ರೆ ನಡುನಡುವೆ ಯಾಕೆ ನಿಲ್ತೈತೆ?"

"ಲೂಸ್ ಕನೆಕ್ಷನ್."

"ಒಂದ್ಸಲ ಕೆಮ್ತು ಕಣೋ."

"ಸ್ಪಾರ್ಕ್ ಹೊಡೆದಿರ್ತೈತೆ."

ಇಪ್ಪತ್ತು ವರ್ಷದಿಂದ ಓಬಕ್ಕನ ಹಿಂದೆ ಕೂತು, ಬಾಯಿ ಮುಚ್ಚಿ ಶ್ರುತಿ ಹಿಡಿಯುತ್ತ ಬಂದವನು ಚಿತ್ತಯ್ಯನೇ. ಈಗಲೂ ಬಾಯಿ ಬಿಡಲಿಲ್ಲ.

ಮೊಳಕಾಲ್ಮುರು ಬಸ್ಸು ಬಂತು. ಇಬ್ಬರೂ ಎದ್ದು ಹೊರಟರು. ಚಿತ್ತಯ್ಯ ಅವರ ಬೆನ್ನ ಹಿಂದೆಯೇ ಹೋಗಿ, ಉಸಿರು ತುಂಬಿಕೊಂಡು, ಅದೇ ಶ್ರುತಿ ಹಿಡಿದ.

ಬಸ್ಸಿನ ಮೆಟ್ಟಿಲ ಮೇಲೆ ಹೇಮಂತ್ ಗಕ್ಕನೆ ನಿಂತ. "ದಿವ್ಯಾ, ಲ್ಯಾಪ್‌ಟಾಪ್ ಆಫ್ ಮಾಡ್ದೆ ತಾನೇ?"

ಚಿತ್ತಯ್ಯ ಒಂದು ಸಲ ಕೆಮ್ಮಿದ.

"ಸ್ಪಾರ್ಕು ಕಣಪ್ಪಾ," ಅಂದ. "ನೀನು ಹತ್ತು."