ಬಾಯಿಗೆ ಅಡ್ಡ ಹಿಡಿದ ಕೈ

ಟೀವಿ ಆರಿಸಿ ಇತ್ತ ಸರ್ಕೊಳ್ಳಿ. ಇದು ನಾನು ಕಟ್ಟಿ ಹೇಳ್ತಿರೋದಲ್ಲ, ನಮ್ಮ ಚಿಕ್ಕಮ್ಮನ ಮಗನಿಗೇ ಆಗಿದ್ದು. ಅವನಿಗೆ ಫೋಟೋ ಸ್ಟುಡಿಯೋದಲ್ಲಿ ಕೆಲಸ. ಮೊಡವೆ ಅಳಿಸೋದು, ಮುಚ್ಚಿದ ಕಣ್ಣು ತೆರೆಸೋದು, ಬೋಳುತಲೆಗೆ ಕೂದಲು ಬೆಳೆಸೋದು... ಟಚಪ್ ಮಾಡೋನು ಅಂತ ಎಲ್ಲರಿಗೂ ಅವನು ಟಚಪ್ಪ.

ಅವತ್ತು ಸ್ಟುಡಿಯೋ ಬಾಗಿಲು ಹಾಕಿ ಹೊರಟಾಗ ಹನ್ನೊಂದು ದಾಟಿತ್ತು. ದಾರೀಲಿ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದರ ಪಕ್ಕಕ್ಕೇ ಹಲ್ಲಿನ ಡಾಕ್ಟರ ದೊಡ್ಡ ಬೋರ್ಡು. 'ಧೈರ್ಯವಾಗಿ ನಗಿ, ನಾವಿದ್ದೀವಿ' ಅಂತ ಬರೆದು, ವಯಸ್ಸಾದ ಹೆಂಗಸೊಬ್ಬಳು ಬಾಯ್ತುಂಬ ನಗ್ತಿರೋ ಫೋಟೋ. ಮಾಡಿದ್ದು ಇವನೇ. ಕಟ್ಟಿದ್ದು ಅವತ್ತು ಬೆಳಗ್ಗೆ.

ಬಾವಿ ಹತ್ರ ಬಂದ. ಚಪ್... ಚಪ್...

ನಿಂತ. ಫ್ಲೆಕ್ಸು ಗಾಳಿಗೆ ಬಡಿದರೆ ಪಟಪಟ ಅನ್ನುತ್ತೆ, ಅಷ್ಟು ಗೊತ್ತಿಲ್ವಾ ಅವನಿಗೆ? ಗಾಳೀನೇ ಇರಲಿಲ್ಲ. ಇದು ಒದ್ದೆ ಸದ್ದು. ಬಾಯಲ್ಲಿ ಏನೋ ಸಿಕ್ಕಿಕೊಂಡು, ಉಗುಳೋಕೂ ಆಗದೆ ನುಂಗೋಕೂ ಆಗದೆ ಒದ್ದಾಡೋ ಸದ್ದು. ಹಿಂದೆಯೇ ಹಲ್ಲಿಗೆ ಹಲ್ಲು ತಾಗಿ... ಕಟ್.

ಮೊಬೈಲಿನ ಬೆಳಕು ಮೇಲಕ್ಕೆ ಹಿಡಿದ. ಫೋಟೋದ ತುಟಿಯಂಚಿಂದ ಎಂಜಲು ಇಳೀತಿತ್ತು. ನೂಲಿನಷ್ಟು ಸಣ್ಣಗೆ, ಉದ್ದಕ್ಕೆ. ಇಳಿದು ಇಳಿದು ಅವನ ಮುಂಗೈ ಮೇಲೆ ಬಿತ್ತು. ಬೆಚ್ಚಗಿತ್ತು ಕಣ್ರೋ. ಛೀ!

"ಅಪ್ಪಾ..." ಪಿಸುದನಿ.

ಇವನು ಮೊಬೈಲಿನ ಬೆಳಕು ಸುತ್ತ ಆಡಿಸಿದ. "ಯಾ... ಯಾರು?"

"ಇವು ಯಾರ ಹಲ್ಲಪ್ಪಾ?"

ಇವನು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟ.

"ನನ್ನ ಕೈ ಎಲ್ಲಿ ಹಾಕಿದೆ?"

ಎದ್ದೆನೋ ಬಿದ್ದೆನೋ ಅಂತ ಓಡಿದ. ಮನೇಲಿ ಮುಂಗೈಗೆ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದರೂ ಆ ಬಿಸಿ ಬಿಡಲಿಲ್ಲ. ಬಿಡೋದಾದ್ರೂ ಹೇಗೆ? ಆ ಫೋಟೋದ ಕೈ ಎಲ್ಲಿ ಹೋಯ್ತು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಏನಾಗಿತ್ತು ಅಂದ್ರೆ, ಎರಡು ತಿಂಗಳ ಹಿಂದೆ ಸ್ಟುಡಿಯೋ ಎದುರಿನ ಟೈಲರ್ ಅಕ್ಕನ ತಾಯಿ ತೀರಿಕೊಂಡಿದ್ರು. ಆಯಮ್ಮನಿಗೆ ಮುಂದಿನ ನಾಲ್ಕು ಹಲ್ಲು ಇರಲಿಲ್ಲ. ನಗು ಮಾತ್ರ ತಡೆಯೋಕಾಗ್ತಿರಲಿಲ್ಲ. ಹಾಗಾಗಿ ನಕ್ಕಾಗೆಲ್ಲ ಬಾಯಿಗೆ ಕೈ ಅಡ್ಡ. ಇದ್ದ ಒಂದೇ ಫೋಟೋದಲ್ಲೂ ಹಾಗೇ. ಅಕ್ಕ ಅದನ್ನೇ ತಂದು, "ದೊಡ್ಡದು ಮಾಡಿಕೊಡು ತಮ್ಮಾ. ಕೈ ಮಾತ್ರ ತೆಗೀಬೇಡ. ಅದಿಲ್ಲದಿದ್ರೆ ನಮ್ಮಮ್ಮನೇ ಅಲ್ಲ ಅದು" ಅಂದಿದ್ಲು. ಟಚಪ್ಪ ಹಾಗೇ ಮಾಡಿಕೊಟ್ಟ. ಫೋಟೋ ಕಂಪ್ಯೂಟರಲ್ಲಿ ಉಳೀತು.

ಆಮೇಲೆ ಬಂದ ಈ ಡಾಕ್ಟರು. "ಜಾಹೀರಾತಿಗೆ ಹೊಸದಾಗಿ ಯಾರನ್ನ ಹುಡುಕ್ತೀರಿ? ನಿಮ್ಮ ಕಂಪ್ಯೂಟರಲ್ಲೇ ರಾಶಿ ಮುಖ ಇವೆಯಲ್ಲ!" ಅಂದ. ಸ್ಟುಡಿಯೋ ಮಾಲೀಕ, ಬಟ್ಟೆ ಅಂಗಡಿಯವನು ಥಾನು ಬಿಡಿಸಿ ತೋರಿಸೋ ಹಾಗೆ, ಜನರ ಮುಖ ಒಂದೊಂದೇ ತೋರಿಸಿದ. ಆಯಮ್ಮನ ಮುಖ ಬಂದಾಗ ಡಾಕ್ಟರು ತಡೆದ.

"ಇದಿರಲಿ. ಕಣ್ಣಲ್ಲಿ ನಗು ಇದೆ. ಕೈ ತೆಗೆದು ಹಲ್ಲು ಕೂರಿಸಿ."

"ಸಾರ್, ಅವರು ತೀರಿಕೊಂಡಿದ್ದಾರೆ," ಅಂದ ಟಚಪ್ಪ.

"ಇನ್ನೂ ಒಳ್ಳೇದಾಯ್ತಲ್ಲ! ಬಂದು ಕೇಳಲ್ಲ."

ಡಾಕ್ಟರೂ ಮಾಲೀಕನೂ ಹೊಟ್ಟೆ ಕುಲುಕಿಸಿ ನಕ್ಕರು. ಜೊತೆಗೆ ಇವನೂ ನಕ್ಕ. ನನಗೆ ಮೈಯೆಲ್ಲ ಉರಿಯೋದು ಅದಕ್ಕೇ. ಸಂಬಳ ಕೊಡೋನು ನಕ್ಕ ಅಂತ ಇವನೂ ಹಲ್ಲು ಕಿರಿಯೋದಾ? ಕಿರಿದು, ಆ ಕೈಯನ್ನ ಕತ್ತರಿಸಿ ಅಳಿಸಿ, ಇನ್ಯಾರದೋ ಮದುವೆ ಫೋಟೋದಿಂದ ಬಾಯಿ ಕಿತ್ತು ತಂದು ಮೆತ್ತಿದ. ಅವರನ್ನೂ ಕೇಳಲಿಲ್ಲ, ಇವರನ್ನೂ ಕೇಳಲಿಲ್ಲ. ಥೂ, ಹೇಳೋಕೇ ಅಸಹ್ಯ.

ಬೆಳಗಾಗ್ತಿದ್ದ ಹಾಗೇ ಟೈಲರ್ ಅಕ್ಕನ ಅಂಗಡಿಗೆ ಹೋದ. ಅವಳು ಆಗಲೇ ಬೋರ್ಡು ನೋಡಿಯಾಗಿತ್ತು. ಮಷೀನಿನ ಮೇಲೆ ಕೈ ಇಟ್ಟು ಕೂತಿದ್ದಳು.

"ಬದುಕಿದ್ದಾಗ ನನ್ನೆದುರೂ ಬಾಯಿ ಬಿಟ್ಟು ನಗಲಿಲ್ಲವೋ ಅವಳು. ಬೀದೀಲಿ ನಿಲ್ಲಿಸಿ ಬಾಯಿ ಬಿಡಿಸಿದ್ದೀಯಲ್ಲ, ನಿನಗೆ ಹೇಗೆ ಮನಸ್ಸು ಬಂತು?"

"ತಪ್ಪಾಯ್ತಕ್ಕಾ. ರಾತ್ರಿ ಅವರೇ... ಕೈ ಕೇಳಿದ್ರು."

ಅಕ್ಕ ಅವನನ್ನೇ ನೋಡಿದಳು. ನಂಬಿದಳೋ ಬಿಟ್ಟಳೋ. "ನಡಿ ಡಾಕ್ಟರ ಹತ್ರ. ಇವತ್ತೇ ಅದು ಇಳೀಬೇಕು."

ಡಾಕ್ಟರು ಏನಂದ ಗೊತ್ತಾ? "ಓಹೋ, ನಿಮ್ಮ ತಾಯೀನಾ! ಸಂತೋಷಪಡಿ, ಇಡೀ ಊರು ನೋಡ್ತಿದೆ. ಇಳಿಸೋದೆಲ್ಲ ಆಗಲ್ಲ. ಬೇಕಾದ್ರೆ ನಿಮ್ಮ ಹಲ್ಲು ಒಂದ್ಸಲ ಪುಕ್ಕಟೆ ಕ್ಲೀನ್ ಮಾಡಿಕೊಡ್ತೀನಿ."

ಕುರ್ಚಿ ಪಕ್ಕ ಉಗುಳೋ ಬಟ್ಟಲು ಇರುತ್ತಲ್ಲ, ಅಕ್ಕ ಅದಕ್ಕೆ ಥೂ ಅಂತ ಉಗಿದು ಎದ್ದು ಬಂದಳು.

ಅವತ್ತು ರಾತ್ರಿ ಇಬ್ಬರೂ ಬಾವಿ ಹತ್ರ ಹೋದ್ರು. ಅಕ್ಕ ಬಟ್ಟೆ ಕತ್ತರಿಸೋ ದೊಡ್ಡ ಕತ್ತರಿ ತಂದಿದ್ದಳು. ಟಚಪ್ಪ ಬೋರ್ಡಿನ ಕಬ್ಬಿಣದ ಚೌಕಟ್ಟು ಹಿಡಿದು ಹತ್ತಿದ. ಕಿವಿ ಪಕ್ಕದಲ್ಲೇ ಚಪ್... ಚಪ್... ಕಟ್. ಅಕ್ಕನಿಗೂ ಕೇಳಿಸ್ತು. ಕೆಳಗಿಂದ ಉಸಿರು ಎಳೆದುಕೊಂಡಿದ್ದು ಇವನಿಗೆ ಗೊತ್ತಾಯ್ತು. ಹಗ್ಗ ಕತ್ತರಿಸಿದ. ಕರಕ್... ಕರಕ್... ಫ್ಲೆಕ್ಸು ದೊಪ್ಪಂತ ಬಿತ್ತು.

ಅಕ್ಕ ನೆಲದಲ್ಲಿ ಕೂತು, ಆ ಒದ್ದೆ ಬಾಯಿ ಮೇಲೆ ತನ್ನ ಅಂಗೈ ಇಟ್ಟಳು. ಅಸಹ್ಯಪಡಲಿಲ್ಲ. "ಆಯ್ತು ಬಿಡಮ್ಮಾ... ಯಾರೂ ನೋಡ್ತಿಲ್ಲ. ಬಾ, ಮನೆಗೆ ಹೋಗೋಣ."

ಸದ್ದು ನಿಂತಿತು. ಟಚಪ್ಪ ಬಾವಿಕಟ್ಟೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತ.

ಇಷ್ಟಕ್ಕೇ ಮುಗೀತು ಅಂದುಕೊಂಡ್ರಾ? ಮಾರನೇ ದಿನ ಟಚಪ್ಪ ಸ್ಟುಡಿಯೋಗೆ ಹೋಗಿ, ಇಳಿಸಿದ್ದು ನಾನೇ ಅಂದ. ಮಾಲೀಕ ಕೆಲಸದಿಂದ ತೆಗೆದ. ಡಾಕ್ಟರು ಕುಣಿದಾಡಿಬಿಟ್ಟ. "ಯಾರ ಹಂಗೂ ಬೇಡ, ನನ್ನ ಮುಖವೇ ಹಾಕಿ," ಅಂತ ಬಿಳೀ ಕೋಟು ತೊಟ್ಟು, ಮಂಡಿ ಮೇಲೆ ಕೈ ಇಟ್ಟು, ಮೂವತ್ತೆರಡೂ ಹಲ್ಲು ಬಿಟ್ಟು ಸ್ಟೂಲಿನ ಮೇಲೆ ಕೂತ. ಮಾಲೀಕನೇ ಫೋಟೋ ಹೊಡೆದ. ಕ್ಲಿಕ್. ಕ್ಲಿಕ್. ಆಮೇಲೆ ಸಂಜೆ ಅದೇ ಮಾಲೀಕ ಟಚಪ್ಪನಿಗೆ ಫೋನ್ ಮಾಡಿ, "ಒಂದ್ಸಲ ಬಂದು ಹೋಗಪ್ಪ... ಇದನ್ನ ಹೇಗೆ ಅಳಿಸೋದು ಹೇಳಿಕೊಡು," ಅಂತ ಗೋಗರೆದನಂತೆ. ಟಚಪ್ಪ ಹೋದ. ಅಳಿಸೋಕೆ ಅವನ ಕೈಲೂ ಆಗಲಿಲ್ಲ.

ನಂಬದಿದ್ರೆ ಬಿಡಿ. ಆ ಪ್ರಿಂಟು ನಾನು ಕೈಯಲ್ಲಿ ಹಿಡಿದು ನೋಡಿದ್ದೀನಿ, ಹಗಲು ಹೊತ್ತಲ್ಲಿ, ಕನ್ನಡಕ ಹಾಕಿಕೊಂಡು. ಸ್ಟೂಲಿನ ಮೇಲೆ ಒಬ್ಬನೇ ಇದ್ದಾನೆ. ಎರಡು ಕೈ ಮಂಡಿ ಮೇಲಿವೆ, ಒಂದು ಬಾಯಿ ಮೇಲಿದೆ.