ಮುಚ್ಚದ ಬಾನೆಟ್

ಪಂಕ್ಚರ್ ಹಾಕಿಸಲು ಗ್ಯಾರೇಜಿನ ಬೆಂಚಿನ ಮೇಲೆ ಕಾಯುತ್ತಿದ್ದೆ. ಪಕ್ಕದಲ್ಲೇ ಮೆಕ್ಯಾನಿಕ್ ಒಂದು ಹಳೇ ಪಿಕಪ್‌ನ ಡೊಂಕು ಬಾನೆಟ್ಟನ್ನು ತಟ್ಟಿ ನೆಟ್ಟಗೆ ಮಾಡಿ, ಗಾಡಿ ತಂದಿದ್ದ ಹೆಂಗಸಿಗೆ ಹೇಳುತ್ತಿದ್ದ.

"ಒಳಗೊಂದು ಪಟ್ಟಿ ಬೆಸುಗೆ ಹಾಕಿದ್ದೀನಿ ಅಕ್ಕ. ಕೀಲು ತುಕ್ಕು ಹಿಡಿದು ಬಿಗಿಯಾಗಿತ್ತು. ಹಾಗೇ ಒತ್ತಿದ್ರೆ ತಗಡು ಬಗ್ಗದೆ ಇನ್ನೇನಾಗುತ್ತೆ? ಎಣ್ಣೆ ಬಿಡ್ತಾ ಇರಿ ಅಂತ ಯಜಮಾನ್ರಿಗೆ ಆಗ್ಲೇ ಹೇಳಿದ್ದೆ."

"ಒತ್ತಿದ್ದು ಅವರಲ್ಲ, ನಾನು."

"ಅಷ್ಟು ಜೋರಾಗಾ?"

"ಅವರು ರೇಡಿಯೇಟರಿಗೆ ನೀರು ಹಾಕ್ತಾ ಇದ್ದೋರು ಹಾಗೇ ಕುಸಿದುಬಿದ್ರು. ಬಾಯಿ ಒಂದು ಕಡೆ ಎಳ್ಕೊಂಡಿತ್ತು. ಹೇಗೋ ಎತ್ತಿ ಸೀಟಿಗೆ ಹಾಕಿದೆ. ಆಸ್ಪತ್ರೆಗೆ ಹೊರಡೋಣ ಅಂದ್ರೆ ಇದು ಮುಚ್ಚೋದೇ ಇಲ್ಲ, ಮುಂದೆ ರಸ್ತೆ ಕಾಣಲ್ಲ. ಕೊನೆಗೆ ಮೇಲೆ ಹತ್ತಿ ಕೂತೇಬಿಟ್ಟೆ."

ಮೆಕ್ಯಾನಿಕ್ ಸುತ್ತಿಗೆ ಕೆಳಗಿಟ್ಟ.

"ಈಗ ಹೇಗಿದ್ದಾರೆ?"

"ಇನ್ನೊಂಚೂರು ಮುಂಚೆ ಬರಬೇಕಿತ್ತು ಅಂದ್ರು ಡಾಕ್ಟರು. ಬಲಗಡೆ ಸ್ವಾಧೀನ ಇಲ್ಲ, ಮಾತೂ ಇಲ್ಲ. ಕಿಟಕಿಯಿಂದ ಈ ಗಾಡಿ ನೋಡಿದಾಗೆಲ್ಲ ಕಣ್ಣೀರು ಹಾಕ್ತಾರೆ. ಅದಕ್ಕೇ ರಿಪೇರಿಗೆ ತಂದಿದ್ದು."

"ಬರೀ ಬಾಯಲ್ಲಿ ಹೇಳಿ ಕಳಿಸಿದೆ ಅಕ್ಕ. ನಾನೇ ಅವತ್ತು ಎಣ್ಣೆ ಬಿಡಬೇಕಿತ್ತು."

"ಎಲ್ಲಿ ಬಿಡಬೇಕು, ತೋರಿಸು."

ಅವನು ಎರಡೂ ಕಡೆಯ ಕೀಲು ತೋರಿಸಿದ. ಅವಳು ಎಣ್ಣೆ ಬಿಟ್ಟು, ಬಾನೆಟ್ಟನ್ನು ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಿ ಇಳಿಸಿದಳು. ಒಂದೇ ಕೈಗೆ ಮೆಲ್ಲಗೆ ಮುಚ್ಚಿಕೊಂಡಿತು.

"ಇಷ್ಟೇನಾ?"

"ಇಷ್ಟೇ ಅಕ್ಕ."

ಅವಳು ಕೈ ಒರೆಸಿಕೊಳ್ಳದೆ ಗಾಡಿ ಹತ್ತಿದಳು. ಮೆಕ್ಯಾನಿಕ್ ಗೇಟಿನವರೆಗೂ ಹಿಂದೆಯೇ ನಡೆದುಹೋದ.